ಗ್ರೇಡರ್ ಕೊಳ್ಳುವ ಮುನ್ನ ಗಣಿ ರಸ್ತೆಗೆ ಟೇಪು ಹಿಡಿಯಿರಿ!

ಹೆಬ್ಬಾಳದಿಂದ ಯಲಹಂಕದ ಕಡೆ ಹೊರಟ ರಸ್ತೆಗೆ ಬಳ್ಳಾರಿ ರಸ್ತೆ ಎಂದು ಹೆಸರು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಹಾರಲು ಶುರುವಾದ ಮೇಲೆ ಹೊಸಬರು ಅದನ್ನು ಏರ್‌ಪೋರ್ಟ್ ರೋಡ್ ಎನ್ನುತ್ತಾರೆ, ಹಳಬರ ಬಾಯಲ್ಲಿ ಮಾತ್ರ ಈಗಲೂ ಬಳ್ಳಾರಿ ರೋಡೇ. ಆದರೆ ಬಳ್ಳಾರಿಯ ಗಣಿಗೆ ಬೇಕಾದ ದೈತ್ಯ ಯಂತ್ರಗಳನ್ನು ಕಣ್ಣಾರೆ ನೋಡಬೇಕೆಂದರೆ ಈ ರಸ್ತೆಯಲ್ಲಿ ನಿಂತು ಫಲವಿಲ್ಲ. ಯಶವಂತಪುರ, ಗೊರಗುಂಟೆಪಾಳ್ಯ ದಾಟಿ ತುಮಕೂರು ರಸ್ತೆಯ ಮಾದಾವರಕ್ಕೆ ಹೋಗಬೇಕು.

ಅಲ್ಲಿನ ವಸ್ತುಪ್ರದರ್ಶನ ಕೇಂದ್ರದಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ‘ಎಕ್ಸ್‌ಕಾನ್’ ನಡೆಯುತ್ತದೆ. 2023ರ ಡಿಸೆಂಬರಿನಲ್ಲೂ ನಡೆಯಿತು. 2024ರ ನವೆಂಬರಿನಿಂದ ಮೆಟ್ರೋ ರೈಲೇ ಅಲ್ಲಿಯ ತನಕ ಓಡುತ್ತಿದೆ. ಆರ್.ಟಿ. ನಗರದಲ್ಲಿ ಆಫೀಸು ಇಟ್ಟುಕೊಂಡು ಸಂಡೂರಿನಲ್ಲಿ ಕೆಲಸ ಹಿಡಿದ ಕಂಟ್ರಾಕ್ಟರಿನಿಂದ ಹಿಡಿದು ಬೆಟ್ಟಹಲಸೂರಿನ ಕಡೆಯ ಕಲ್ಲಿನ ಕೆಲಸದವರ ತನಕ ಎಲ್ಲರೂ ಹೋಗಿ ನೋಡಿಬರುವ ಜಾತ್ರೆ ಅದು.

ಈ ಜಾತ್ರೆಯಲ್ಲಿ ಮೋಟಾರ್ ಗ್ರೇಡರಿನ ಮುಂದೆ ನಿಂತವರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಎಚ್‌ಪಿ?’ ಎರಡನೆಯದು, ‘ಎಷ್ಟು ಅಡಿ ಬ್ಲೇಡು?’ ತನ್ನ ಗಣಿ ರಸ್ತೆ ಎಷ್ಟು ಅಗಲ, ಅದರ ಮೇಲೆ ಓಡುವ ಗಾಡಿ ಯಾವುದು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಬಂದವರು ಕಡಿಮೆ. ಎಡವಟ್ಟು ಆಗುವುದು ಇಲ್ಲೇ. ಕೋಟಿಗಟ್ಟಲೆ ಬಾಳುವ ಗಾಡಿ, ಕಂತು ವರ್ಷಗಟ್ಟಲೆ. ತಪ್ಪು ಆರಿಸಿದರೆ ಗಾಡಿ ಶೆಡ್ಡಿನಲ್ಲಿ, ಮಾಲೀಕ ಬ್ಯಾಂಕಿನ ಬಾಗಿಲಲ್ಲಿ!

ಯಲಹಂಕದ ಹೊಸ ಬಡಾವಣೆಗಳಲ್ಲಿ ಜಲ್ಲಿ ಹರಡಿ ಮಟ್ಟ ಮಾಡುವ ಉದ್ದ ಮೂತಿಯ ಗಾಡಿಯನ್ನು ಎಲ್ಲರೂ ನೋಡಿದ್ದಾರೆ. ಮುಂದೆ ಎರಡು ಗಾಲಿ, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು, ನಡುವೆ ಹೊಟ್ಟೆಯ ಕೆಳಗೆ ಓರೆಯಾಗಿ ತೂಗುವ ಬ್ಲೇಡು. ಬ್ಲೇಡು ತಿರುಗುವುದು ‘ಸರ್ಕಲ್’ ಎಂಬ ಹಲ್ಲಿನ ಬಳೆಯ ಮೇಲೆ. ಬಡಾವಣೆ ಕೆಲಸಕ್ಕೆ ಬರುವುದು 150 ಎಚ್‌ಪಿ ಆಸುಪಾಸಿನ ಚಿಕ್ಕ ಗಾಡಿ. ಗಣಿಗೆ ಬೇಕಾದದ್ದು ಅದರ ಅಣ್ಣ. ಬಡಾವಣೆಯಲ್ಲಿ ಗ್ರೇಡರ್ ರಸ್ತೆ ಮಾಡಿ ಹೊರಟುಹೋಗುತ್ತದೆ. ಗಣಿಯಲ್ಲಾದರೆ ಮಾಡಿದ ರಸ್ತೆಯನ್ನೇ ಮತ್ತೆ ಮತ್ತೆ ಮಾಡುತ್ತಿರಬೇಕು. ಬೆಳಗ್ಗೆ ಕೆರೆದ ರಸ್ತೆಯಲ್ಲಿ ಸಂಜೆಗೆ ಗಾಲಿಯ ಜಾಡು ಬಿದ್ದಿರುತ್ತದೆ, ಗಾಡಿಯಿಂದ ಉದುರಿದ ಅದಿರಿನ ಕಲ್ಲು ಹರಡಿರುತ್ತದೆ.

ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಎನ್ನುವವರು ಒಂದು ಸಣ್ಣ ಲೆಕ್ಕ ನೋಡಲಿ. ಗಟ್ಟಿಯಾದ ಒಳ್ಳೆಯ ರಸ್ತೆಯಲ್ಲಿ ಗಾಲಿ ಉರುಳಲು ಗಾಡಿಯ ತೂಕದ ಶೇ. 2ರಷ್ಟು ಎಳೆತ ಸಾಕು. ಜಾಡು ಬಿದ್ದು ಮೆತ್ತಗಾದ ರಸ್ತೆಯಲ್ಲಿ ಅದು ಶೇ. 5ಕ್ಕೂ ಏರುತ್ತದೆ. 1961ರ ಗಣಿ ನಿಯಮಾವಳಿಯಂತೆ ರಸ್ತೆಯ ಏರು ಸಾಮಾನ್ಯವಾಗಿ 16ಕ್ಕೆ 1ನ್ನು ಮೀರಬಾರದು, ಅಂದರೆ ಸುಮಾರು ಶೇ. 6. ಒಳ್ಳೆಯ ರಸ್ತೆಯಲ್ಲಿ ಎಂಜಿನ್ ಹೊರಬೇಕಾದ್ದು 6 ಮತ್ತು 2, ಒಟ್ಟು 8. ಕೆಟ್ಟ ರಸ್ತೆಯಲ್ಲಿ 6 ಮತ್ತು 5, ಒಟ್ಟು 11. ಎಂಜಿನ್ ಅದೇ, ಡ್ರೈವರ್ ಅವನೇ, ಏರಿನಲ್ಲಿ ವೇಗ ಮಾತ್ರ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು! ಡೀಸೆಲ್ ಸುಟ್ಟದ್ದು, ಚೂಪು ಕಲ್ಲಿಗೆ ಟೈರು ಸೀಳಿದ್ದು ಈ ಲೆಕ್ಕಕ್ಕೆ ಸೇರಿಲ್ಲ. ದೊಡ್ಡ ಡಂಪರಿಗೆ ಆರು ಟೈರು, ಒಂದೊಂದರ ಬೆಲೆಯೂ ಲಕ್ಷದ ಲೆಕ್ಕ. ಗ್ರೇಡರ್ ತಾನೇ ಒಂದು ಬುಟ್ಟಿ ಅದಿರನ್ನೂ ಸಾಗಿಸುವುದಿಲ್ಲ, ನಿಜ. ಸಾಗಿಸುವವನ ಕಾಲಿಗೆ ಮುಳ್ಳು ಚುಚ್ಚದಂತೆ ನೋಡಿಕೊಳ್ಳುವುದು ಅದರ ಕೆಲಸ.

ಮಾರುಕಟ್ಟೆಯಲ್ಲಿ ಯಾರಿದ್ದಾರೆ?

ನಮ್ಮವರೇ ಆದ ಬೆಮೆಲ್ ಮೊದಲು. 1964ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಕಂಪನಿ. ಡಂಪರುಗಳ ಜೊತೆಗೆ 145ರಿಂದ 280 ಎಚ್‌ಪಿ ತನಕದ ಗ್ರೇಡರುಗಳನ್ನು ಅದರ ಮೈಸೂರು ಘಟಕ ಮಾಡುತ್ತ ಬಂದಿದೆ. ಇವುಗಳಲ್ಲಿ 280 ಎಚ್‌ಪಿಯ ಬಿಜಿ 825 ಗಣಿಗೆಂದೇ ಇರುವ ಗಾಡಿ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ಕಂಪನಿಯಲ್ಲಿನ ತನ್ನ ಪಾಲಿನಿಂದ ಶೇ. 26ನ್ನು ಮಾರಲು ಆಸಕ್ತರನ್ನು ಕರೆದಾಗ, ಮುಂದೆ ಸಾಮಾನು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಕೊಳ್ಳುವವರಿಗೆ ಬಾರದೇ ಇರದು.

ಜಪಾನಿನ ಕೊಮಾಟ್ಸು ನಮ್ಮ ಈ ಭಾಗಕ್ಕೆ ಹೊಸದಲ್ಲ. ಬಳ್ಳಾರಿ ರಸ್ತೆಯ ಬ್ಯಾಟರಾಯನಪುರದಲ್ಲಿ ಎಲ್ ಅಂಡ್ ಟಿ ಜೊತೆಗೂಡಿ 1998ರಿಂದ 2013ರ ತನಕ ನಡೆಸಿದ ಕಾರ್ಖಾನೆಯನ್ನು ಹೆಬ್ಬಾಳದವರು ಮರೆತಿಲ್ಲ. ಅಲ್ಲಿ ತಯಾರಾಗುತ್ತಿದ್ದುದು ಅಗೆಯುವ ಎಕ್ಸ್‌ಕವೇಟರು, ಗ್ರೇಡರಲ್ಲ. ಗಣಿಗೆ ಅವರದು ಜಿಡಿ 825: ಇದೂ 280 ಎಚ್‌ಪಿ, ಬ್ಲೇಡು 16 ಅಡಿ.

ಅಮೆರಿಕದ ಕ್ಯಾಟರ್‌ಪಿಲ್ಲರಿನಲ್ಲಿ ಗಾಡಿಯ ಹೆಸರೇ ಅಳತೆ ಹೇಳುತ್ತದೆ. 14 ಎಂದರೆ 14 ಅಡಿ ಬ್ಲೇಡು, 16 ಎಂದರೆ 16 ಅಡಿ, 24 ಎಂದರೆ 24 ಅಡಿ. ಕೊನೆಯದಂತೂ 500 ಎಚ್‌ಪಿ ಮೀರಿದ, 60 ಟನ್ನಿಗೂ ಮಿಕ್ಕಿದ ಆನೆ. 16 ಅಡಿಯವು ಅದರ ಅರ್ಧ ತೂಕದ ಆಸುಪಾಸು.

ಈಗ ಟೇಪು ಹಿಡಿಯೋಣ. ಗಾಡಿಗಳು ಎರಡೂ ಕಡೆ ಓಡುವ ಗಣಿ ರಸ್ತೆ, ಓಡುವ ಗಾಡಿಯ ಅಗಲದ ಮೂರೂವರೆ ಪಟ್ಟು ಇರಬೇಕೆಂಬುದು ಬಲ್ಲವರ ರೂಢಿಯ ಲೆಕ್ಕ. 100 ಟನ್ ಹೊರುವ ಡಂಪರಿನ ಅಗಲ ಸುಮಾರು 6 ಮೀಟರು. ರಸ್ತೆ 21 ಮೀಟರು, ಅಂದರೆ 69 ಅಡಿ ಆಯಿತು. ಬ್ಲೇಡು 16 ಅಡಿ ಇದ್ದರೂ ಮಣ್ಣು ಪಕ್ಕಕ್ಕೆ ಸರಿಯಲೆಂದು ಓರೆಯಾಗಿ ಹಿಡಿಯಬೇಕು. 30 ಡಿಗ್ರಿ ಓರೆ ಹಿಡಿದರೆ ಕೆರೆಯುವುದು 14 ಅಡಿಯಷ್ಟೇ. ಒಂದು ಸಾಲಿನ ಮೇಲೆ ಇನ್ನೊಂದು 2 ಅಡಿ ಹತ್ತಬೇಕಾದ್ದರಿಂದ ಉಳಿದದ್ದು 12. ಅಲ್ಲಿಗೆ 69 ಅಡಿಗೆ 6 ಸಾಲು. ಹೀಗೇ ಲೆಕ್ಕ ಹಾಕಿದರೆ 14 ಅಡಿ ಬ್ಲೇಡಿಗೆ 7 ಸಾಲು, 24 ಅಡಿಯದಕ್ಕೆ 4 ಸಾಲು.

ಗಂಟೆಗೆ 8 ಕಿಲೋಮೀಟರಿನಂತೆ 3 ಕಿಲೋಮೀಟರ್ ರಸ್ತೆಗೆ, ತಿರುಗಿಸುವ ಹೊತ್ತು ಬಿಟ್ಟು, ಒಂದು ಸಾಲಿಗೆ ಇಪ್ಪತ್ತೆರಡೂವರೆ ನಿಮಿಷ. ಚಿಕ್ಕದಕ್ಕೆ 2 ಗಂಟೆ 37 ನಿಮಿಷ, ನಡುವಿನದಕ್ಕೆ ಎರಡೂಕಾಲು ಗಂಟೆ, ಆನೆಗೆ ಒಂದೂವರೆ ಗಂಟೆ. ಹತ್ತಾರು ಕಿಲೋಮೀಟರ್ ರಸ್ತೆ ಇಟ್ಟುಕೊಂಡು ಹಗಲೂ ರಾತ್ರಿ ದೊಡ್ಡ ಡಂಪರ್ ಓಡಿಸುವವನಿಗೆ ಈ ಮುಕ್ಕಾಲು ಗಂಟೆ, ಒಂದು ಗಂಟೆಯ ಉಳಿತಾಯ ದೊಡ್ಡದೇ.

ಸಂಡೂರಿನ ಕತೆ ಬೇರೆ

ಎನ್‌ಎಂಡಿಸಿಯ ದೋಣಿಮಲೆಯಂಥ, 1977ರಿಂದ ಯಂತ್ರದ ಬಲದಲ್ಲೇ ನಡೆದ ದೊಡ್ಡ ಗಣಿಯ ಮಾತು ಹಾಗಿರಲಿ. ಬಳ್ಳಾರಿ, ಸಂಡೂರು ಕಡೆಯ ಖಾಸಗಿ ಗಣಿಗಳಲ್ಲಿ ಅದಿರು ಹೊರುವುದು ಹೆಚ್ಚಾಗಿ ನಾವು ನೀವು ಹೆದ್ದಾರಿಯಲ್ಲಿ ನೋಡುವಂಥ ಟಿಪ್ಪರುಗಳು. ಅಗಲ ಎರಡೂವರೆ ಮೀಟರು. ಮೂರೂವರೆ ಪಟ್ಟೆಂದರೆ ರಸ್ತೆ 29 ಅಡಿ. ಈ ರಸ್ತೆಗೆ 14 ಅಡಿ ಬ್ಲೇಡಿನ ಗಾಡಿ 3 ಸಾಲಿನಲ್ಲಿ ಮುಗಿಸುತ್ತದೆ. 16 ಅಡಿಯದು? ಅದಕ್ಕೂ 3 ಸಾಲೇ! ಎರಡಡಿ ಹೆಚ್ಚು ಬ್ಲೇಡಿಗೆ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. 24 ಅಡಿಯದು 2 ಸಾಲಿನಲ್ಲಿ ಮುಗಿಸಿ ಇಪ್ಪತ್ತೆರಡು ನಿಮಿಷ ಉಳಿಸಬಹುದು, ಆದರೆ ಗುಡ್ಡದ ಸುತ್ತುರಸ್ತೆಯ ಹೇರ್‌ಪಿನ್ ತಿರುವಿನಲ್ಲಿ ತಿರುಗಲು ಅದಕ್ಕೆ 12 ಮೀಟರಿಗೂ ಹೆಚ್ಚು ತಿರುಗುವ್ಯಾಸಾರ್ಧ ಬೇಕು. ಕಣಿವೆಯ ಬದಿಗೆ ಗಾಡಿ ಬೀಳದಂತೆ ಹಾಕಿದ ಮಣ್ಣಿನ ಒಡ್ಡನ್ನು ಗ್ರೇಡರೇ ಕೆಡವಿಬಿಟ್ಟರೆ ಕೇಳುವವರು ಯಾರು?

ಹಾಗೆಂದು 16 ಅಡಿಯ ಗಾಡಿ ಅಲ್ಲಿಗೆ ಸುಮ್ಮನೆ ದಂಡ ಎಂದೂ ಅಲ್ಲ. ಬಿಸಿಲಿಗೆ ಕಲ್ಲಿನಂತಾದ ಕೆಂಪು ನೆಲದಲ್ಲಿ ಹಗುರ ಗಾಡಿಯ ಬ್ಲೇಡು ಕಚ್ಚದೆ ಕುಣಿಯುತ್ತದೆ. ಕುಣಿದ ಬ್ಲೇಡು ರಸ್ತೆಯನ್ನು ಅಲೆಅಲೆಯಾಗಿ ಬಿಡುತ್ತದೆ. ಅಂಥಲ್ಲಿ ತೂಕವೇ ಕೆಲಸ ಮಾಡುವುದು. ಹಿಂದೆ ರಿಪ್ಪರ್ ಕಟ್ಟಿ ನೆಲ ಸೀಳಬೇಕಾದ ಗಣಿಯವರು ತೂಕದ ಗಾಡಿ ಕೊಂಡರೆ ತಪ್ಪಿಲ್ಲ. ಮೊದಲು ಟ್ಯಾಂಕರಿನಲ್ಲಿ ನೀರು ಹೊಡೆಸಿ ಆಮೇಲೆ ಕೆರೆಯುವ ಶಿಸ್ತಿದ್ದರೆ ಚಿಕ್ಕ ಗಾಡಿಯೇ ನಿಭಾಯಿಸುವುದೂ ಉಂಟು.

ಸಂಡೂರಿನ ಗಣಿಗಳು ಬಹಳಷ್ಟು ಗುಡ್ಡದ ತಲೆಯ ಮೇಲಿವೆ. ತುಂಬಿದ ಟಿಪ್ಪರು ಏರುವುದಕ್ಕಿಂತ ಇಳಿಯುವುದೇ ಜಾಸ್ತಿ. ಅಲ್ಲಿ ಎಂಜಿನ್ನಿಗಿಂತ ಬ್ರೇಕಿನ ಮಾತು, ಮಳೆಗಾಲದಲ್ಲಂತೂ ಜೀವದ ಮಾತು. ರಸ್ತೆಯ ನಡು ಉಬ್ಬಿದ್ದು ನೀರು ಪಕ್ಕದ ಚರಂಡಿಗೆ ಹೋದರೆ ಸರಿ, ಜಾಡಿನಲ್ಲೇ ಹರಿದರೆ ಕೆಂಪು ಕೆಸರಿನ ಜಾರುಬಂಡೆ. ಈ ಉಬ್ಬು ಕೊಡುವುದು ಬ್ಲೇಡಿನ ಉದ್ದವಲ್ಲ, ಆಪರೇಟರಿನ ಕೈ.

ಆ ಕೈಯ ಮಾತಿಗೆ ಬಂದರೆ ಇನ್ನೊಂದು ತಕರಾರಿದೆ. ಕ್ಯಾಟರ್‌ಪಿಲ್ಲರ್ ತನ್ನ ‘ಎಂ’ ಸರಣಿಯಿಂದೀಚೆಗೆ ಸ್ಟೀರಿಂಗ್ ಚಕ್ರ, ಲಿವರು ಎಲ್ಲ ತೆಗೆದು ಎರಡು ಜಾಯ್‌ಸ್ಟಿಕ್ ಕೊಟ್ಟಿದೆ. ಕೈಯ ಚಲನೆ ಶೇ. 78ರ ತನಕ ಕಡಿಮೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಸುಸ್ತು ಕಮ್ಮಿ ಆಗುವುದು ಖಂಡಿತ. ಆದರೆ ಇಪ್ಪತ್ತು ವರ್ಷ ಲಿವರ್ ಎಳೆದ ಕೈಗೆ ಅದು ಒಂದೇ ದಿನಕ್ಕೆ ಒಗ್ಗುವುದಿಲ್ಲ. ಜಿಡಿ 825ರಲ್ಲಿ ಹಳೇ ಪದ್ಧತಿಯ ಸ್ಟೀರಿಂಗು, ಲಿವರು. ಹೊಸ ಹುಡುಗರನ್ನು ತರಬೇತಿ ಕೊಟ್ಟು ಹತ್ತಿಸುವ ಗಣಿಗೆ ಜಾಯ್‌ಸ್ಟಿಕ್ ಲೇಸು. ಇರುವ ಒಬ್ಬನೇ ಹಳೇ ಆಪರೇಟರನ್ನು ನೆಚ್ಚಿಕೊಂಡ ಗಣಿ ಅವನನ್ನೇ ಕೇಳುವುದು ಮೇಲು. ಮಾಲೀಕರು ಕೇಳುವುದು ಅಪರೂಪ ಎಂಬುದು ಬೇರೆ ಮಾತು!

ಮೇಲಿನ ಮಿತಿ ಮರೆಯಬೇಡಿ

ಲೋಕಾಯುಕ್ತ ವರದಿಯ ಬೆನ್ನಿಗೇ 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ತುಮಕೂರು, ಚಿತ್ರದುರ್ಗಕ್ಕೂ ಅದೇ ಆದೇಶ. ಗಾಡಿಗಳು ಸಾಲಾಗಿ ನಿಂತವು, ಸಾಲದ ಕಂತು ನಿಲ್ಲಲಿಲ್ಲ. ನಿಂತ ಗಾಡಿಯಲ್ಲಿ ಬ್ಯಾಟರಿ ಸಾಯುತ್ತದೆ, ಸೀಲು ಒಣಗುತ್ತದೆ, ಟೈರು ಬಿರಿಯುತ್ತದೆ. 2013ರ ಏಪ್ರಿಲಿನಲ್ಲಿ ‘ಎ’ ಮತ್ತು ‘ಬಿ’ ವರ್ಗದ ಗಣಿಗಳಿಗೆ ದಾರಿ ಬಿಟ್ಟಾಗ ಅದಿರಿನ ಮೇಲೆ ಮಿತಿಯೂ ಬಂತು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನು, ಉಳಿದೆರಡು ಜಿಲ್ಲೆಗೆ ಸೇರಿ 50 ಲಕ್ಷ. 2022ರ ಆಗಸ್ಟಿನಲ್ಲಿ ಅದು 3.5 ಕೋಟಿ ಮತ್ತು 1.5 ಕೋಟಿಗೆ ಏರಿತು. ಸರ್ಕಾರಿ ದೋಣಿಮಲೆಯೂ ಪ್ರೀಮಿಯಂ ತಕರಾರಿನಲ್ಲಿ 2018ರ ನವೆಂಬರಿನಿಂದ 2021ರ ಫೆಬ್ರವರಿ ತನಕ ಬಾಗಿಲು ಹಾಕಿತ್ತು.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಒಂದೊಂದು ಗಣಿಗೂ ಇಂತಿಷ್ಟೇ ತೆಗೆಯಬೇಕೆಂಬ ಅಳತೆ ಇರುವಾಗ ದೊಡ್ಡ ಗ್ರೇಡರ್ ತಂದು ಹೆಚ್ಚು ಸಾಗಿಸುತ್ತೇನೆ ಎನ್ನುವ ಮಾತಿಗೆ ಅರ್ಥವಿಲ್ಲ. ಅಷ್ಟೇ ಅದಿರನ್ನು ಕಡಿಮೆ ಡೀಸೆಲ್ಲಿನಲ್ಲಿ, ಕಡಿಮೆ ಟೈರಿನಲ್ಲಿ, ಗಾಡಿ ಉರುಳದಂತೆ ಇಳಿಸುವುದು ಹೇಗೆ ಎಂಬುದಷ್ಟೇ ಉಳಿದ ಪ್ರಶ್ನೆ. ಅನೇಕ ಗಣಿಗಳಿಗೆ ಒಂದು ದೊಡ್ಡದರ ಬದಲು ಎರಡು ನಡುವಿನ ಗಾತ್ರದವು ಲೇಸು. ಒಂದು ಕೆಟ್ಟು ಕೂತರೆ ಇನ್ನೊಂದು ರಸ್ತೆ ಕಾಯುತ್ತದೆ.

ಕೆಡುವುದಂತೂ ಕೆಡುತ್ತದೆ. ಕಬ್ಬಿಣದ ಅದಿರಿನ ಹುಡಿ ಅರದಂತೆ ಉಜ್ಜುತ್ತದೆ. ಬ್ಲೇಡಿನ ಅಂಚಿಗೆ ಬೋಲ್ಟು ಹಾಕಿ ಕೂರಿಸಿದ ಪಟ್ಟಿಯನ್ನು ಸವೆದ ಕೂಡಲೇ ಬದಲಿಸದಿದ್ದರೆ ಬ್ಲೇಡೇ ಸವೆಯುತ್ತದೆ. ಸರ್ಕಲ್ಲಿನ ಸವೆತದ ತುಂಡುಗಳನ್ನು ಕಾಲಕಾಲಕ್ಕೆ ಬಿಗಿ ಮಾಡದಿದ್ದರೆ ಬ್ಲೇಡು ಅಲ್ಲಾಡಿ ಮಟ್ಟ ತಪ್ಪುತ್ತದೆ. ಲಾರಿ ಸಾಮಾನಾದರೆ ಯಶವಂತಪುರದಲ್ಲಿ ಒಂದು ಸುತ್ತು ಹಾಕಿದರೆ ಸಿಕ್ಕೀತು. ಗ್ರೇಡರಿನ ಸರ್ಕಲ್ ಗೇರು ಅಂಗಡಿ ಮಾಲಲ್ಲ. ಮೈಸೂರಿನಿಂದ ಬರಬೇಕೋ, ಚೆನ್ನೈನಿಂದಲೋ, ಹಡಗಿನಲ್ಲೋ? ಎಷ್ಟು ದಿನ? ಹೊಸಪೇಟೆಯಲ್ಲಿ ಮೆಕ್ಯಾನಿಕ್ ಇದ್ದಾನೋ ಇಲ್ಲವೋ? ಇದನ್ನು ಬೆಲೆ ಕುದುರಿಸುವ ಮುನ್ನವೇ ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಮಾದಾವರದಲ್ಲಿ ಗ್ರೇಡರ್ ನಿಲ್ಲುವುದು ನುಣುಪು ನೆಲದ ಮೇಲೆ, ತೊಳೆದು ಹೊಳೆಯುತ್ತ. ಮಾರುವವರನ್ನು ಗಣಿಗೇ ಗಾಡಿ ತರಲು ಹೇಳಿ. ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು. ಕಂಪನಿಯ ಆಪರೇಟರ್ ಕೆಳಗಿಳಿದು ಗಣಿಯ ಆಪರೇಟರ್ ಹತ್ತಲಿ, ಅತಿ ಕಿರಿದಾದ ತಿರುವಿನಲ್ಲಿ ತಿರುಗಿಸಲಿ, ಮೂರು ಸಾಲು ಎಳೆಯಲಿ. ಅವನು ಕೆಳಗಿಳಿದು ಏನು ಹೇಳುತ್ತಾನೆಂದು ಕೇಳಿದ ಮೇಲೆ ಚೆಕ್‌ಬುಕ್ ತೆಗೆಯಬಹುದು.