ಚಿತ್ರ ಲಾಯ್ಕಿತ್ತು, ಲೆಕ್ಕ ತಪ್ಪಿತ್ತು!

"ಫೋಟೋ ಲಾಯ್ಕ್ ಬಂತಾ ಮಗಾ?"

ಬೈಂದೂರು ಕಡೆಯಿಂದ ಬಸ್ಸು ಹತ್ತಿ ಕುಂದಾಪುರಕ್ಕೆ ಬಂದಿದ್ದ ಅಜ್ಜಿ ಕೆಮ್ಮುತ್ತಲೇ ಕೇಳಿದರು. ನಾನಾಗ ಬ್ರಹ್ಮಾವರದಿಂದ ದಿನಾ ಓಡಾಡುತ್ತಾ, ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಇಂಟರ್ನ್‌ಶಿಪ್ ಶುರು ಮಾಡಿ ಎರಡು ವಾರವಾಗಿತ್ತಷ್ಟೆ. ಪರದೆಯ ಮೇಲೆ ಪಕ್ಕೆಲುಬು, ಶ್ವಾಸಕೋಶ ಎಲ್ಲವೂ ಸ್ಪಷ್ಟ. "ಲಾಯ್ಕ್ ಬಂತ್ ಅಜ್ಜಿ" ಎಂದೆ ಹೆಮ್ಮೆಯಿಂದ.

ಹಿಂದೆ ನಿಂತಿದ್ದ ಸೀನಿಯರ್ ಟೆಕ್ನೀಷಿಯನ್ ಸರ್ ಪರದೆಯ ಮೂಲೆಯ ಸಣ್ಣ ಅಂಕಿ ತೋರಿಸಿದರು. "ಚಿತ್ರ ಲಾಯ್ಕಿತ್ತ್. ಆರೆ ಇದನ್ನ್ ಕಂಡ್ಯಾ?"

ಡೀವಿಯೇಷನ್ ಇಂಡೆಕ್ಸ್: ಪ್ಲಸ್ 3. ಅಂದರೆ ಡಿಟೆಕ್ಟರ್ ಮೇಲೆ ಬೇಕಾದದ್ದಕ್ಕಿಂತ ಸುಮಾರು ಎರಡು ಪಟ್ಟು ವಿಕಿರಣ ಬಿದ್ದಿದೆ. ಮುಂಚೆ ಬಂದಿದ್ದ ದಪ್ಪ ಮೈಯವರಿಗೆ ಇಟ್ಟ ಸೆಟ್ಟಿಂಗನ್ನೇ ಬಡಕಲು ಅಜ್ಜಿಗೂ ಬಳಸಿಬಿಟ್ಟಿದ್ದೆ!

"ಹಾಗಾದ್ರೆ ಚಿತ್ರ ಕೆಡ್ಬೇಕಿತ್ತಲ್ವಾ ಸರ್?" ಎಂದೆ. ಉತ್ತರ ಸಿಕ್ಕಿದ್ದು ಮಧ್ಯಾಹ್ನ ಊಟಕ್ಕೆ ಕೂತಾಗ.

ಸರ್ ಫಿಲ್ಮ್ ಕಾಲದವರು. ಫಿಲ್ಮ್ ತಾನಾಗಿ ಎಕ್ಸ್‌ರೇ ಹಿಡಿಯುವುದು ತೀರಾ ಕಡಿಮೆ. ಅದಕ್ಕೇ ಎಕ್ಸ್‌ರೇ ತಾಗಿದರೆ ಹೊಳೆಯುವ ಪರದೆಯನ್ನು ಅದಕ್ಕೆ ಒತ್ತಿ ಇಡುತ್ತಿದ್ದರು. 1895ರಲ್ಲಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದೂ ಅಂಥದ್ದೊಂದು ಪರದೆ ಹೊಳೆದದ್ದರಿಂದಲೇ. ವಿಕಿರಣ ಹೆಚ್ಚಾದರೆ ಫಿಲ್ಮ್ ಕರ್ರಗೆ, ಕಡಿಮೆಯಾದರೆ ಪೇಲವ. ಮಾಡಿದ ತಪ್ಪು ಕಣ್ಣೆದುರೇ ಇರುತ್ತಿತ್ತು.

ಈಗಿನ ಎಷ್ಟೋ ಫ್ಲಾಟ್ ಪ್ಯಾನೆಲ್‌ಗಳಲ್ಲಿ ಸೀಸಿಯಂ ಅಯೋಡೈಡ್‌ನ ಸೂಜಿಯಂಥ ಹರಳುಗಳು ಅಡಿಕೆ ತೋಟದ ಮರಗಳಂತೆ ಒತ್ತಾಗಿ ನಿಂತಿರುತ್ತವೆ. ಎಕ್ಸ್‌ರೇ ತಾಗಿದಾಗ ಹುಟ್ಟುವ ಬೆಳಕು, ಮಳೆನೀರು ಮರದ ಕಾಂಡ ಹಿಡಿದು ಬುಡಕ್ಕೆ ಇಳಿದಂತೆ, ಹೆಚ್ಚಿನಂಶ ಆಯಾ ಸೂಜಿಯಲ್ಲೇ ಇಳಿಯುತ್ತದೆ. ಅಕ್ಕಪಕ್ಕ ಹರಡದ ಕಾರಣ ಚಿತ್ರ ಮಸುಕಾಗದು. ಕೆಳಗಿನ ಸಿಲಿಕಾನ್ ಪದರ ಆ ಬೆಳಕನ್ನು ವಿದ್ಯುತ್ತಾಗಿಸುತ್ತದೆ. ಕಂಪ್ಯೂಟರ್ ಅದನ್ನು ಅಂಕಿಗಳಾಗಿ ಓದಿ, ಕಪ್ಪು ಬಿಳುಪನ್ನು ತಾನೇ ಹೊಂದಿಸುತ್ತದೆ.

ಎಡವಟ್ಟಾಗುವುದು ಅಲ್ಲೇ. ವಿಕಿರಣ ಕಡಿಮೆಯಾದರೆ, ಅಂಗಳಕ್ಕೆ ಬಿದ್ದ ನಾಲ್ಕು ಹನಿ ಮಳೆಯಂತೆ ಚಿತ್ರವೆಲ್ಲ ಚುಕ್ಕಿಚುಕ್ಕಿ. ಹೆಚ್ಚಾದರೆ ಮಾತ್ರ, ಜೋರು ಮಳೆಗೆ ಅಂಗಳವೆಲ್ಲ ಸಮನಾಗಿ ಒದ್ದೆಯಾದಂತೆ ನುಣುಪು. ಹೆಚ್ಚು ಕೊಟ್ಟಷ್ಟೂ ಚಿತ್ರ ಚೆಂದ. ಹೀಗೆ ಯಾರಿಗೂ ಗೊತ್ತಾಗದೆ ಡೋಸ್ ಏರುತ್ತಾ ಹೋಗುತ್ತದೆ.

ಹೆದರಬೇಡಿ, ಅಜ್ಜಿಗೆ ಅಪಾಯವೇನೂ ಆಗಲಿಲ್ಲ. ಎದೆಯ ಒಂದು ಎಕ್ಸ್‌ರೇಯ ಡೋಸ್ ಸಾಮಾನ್ಯವಾಗಿ 0.1 ಮಿಲಿಸೀವರ್ಟ್‌ಗಿಂತ ಕಡಿಮೆ. ಮಣ್ಣು, ಗಾಳಿ, ಆಕಾಶದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ವೈದ್ಯರು ಹೇಳಿದ ಎಕ್ಸ್‌ರೇಯನ್ನು ಭಯದಿಂದ ತಪ್ಪಿಸಬೇಕಿಲ್ಲ. ಆದರೆ ನನ್ನ ಮರೆವು ದಿನಕ್ಕೆ ಎಷ್ಟು ಜನರಿಗೆ ತಟ್ಟಬಹುದು?

ಆ ಸಂಜೆ ಅಂಗಿಗೆ ಸಿಕ್ಕಿಸಿದ್ದ ಟಿಎಲ್‌ಡಿ ಬ್ಯಾಡ್ಜ್ ತೆಗೆಯುವಾಗ ಕೈ ನಿಂತಿತು. ಅದರೊಳಗೆ ಕ್ಯಾಲ್ಸಿಯಂ ಸಲ್ಫೇಟ್‌ನ ಮೂರು ಪುಟ್ಟ ಬಿಲ್ಲೆಗಳಿವೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ, ತಗುಲಿದ ವಿಕಿರಣಕ್ಕೆ ತಕ್ಕಂತೆ ಅವು ಬೆಳಗುತ್ತವೆ. ನನಗೆ ಸಿಕ್ಕ ಡೋಸ್‌ಗೆ ಹೀಗೆ ಲೆಕ್ಕವಿದೆ. ಅಜ್ಜಿಯ ಸೀರೆಗೆ ಯಾವ ಬ್ಯಾಡ್ಜೂ ಇರಲಿಲ್ಲ. ಅವರ ಲೆಕ್ಕ ಇಡಬೇಕಾದವಳು ನಾನೇ ಆಗಿದ್ದೆ.

ಈಗ ಪ್ರತಿಯೊಬ್ಬರು ಬಂದಾಗಲೂ ಸೆಟ್ಟಿಂಗ್ ಹೊಸದಾಗಿ ಇಡುತ್ತೇನೆ. ಮೊದಲು ಮೂಲೆಯ ಅಂಕಿ ನೋಡುತ್ತೇನೆ, ಆಮೇಲೆ ಚಿತ್ರ. "ಲಾಯ್ಕ್ ಬಂತಾ?" ಎಂದು ಯಾರಾದರೂ ಕೇಳಿದರೆ, ಎರಡನ್ನೂ ನೋಡಿಯೇ ಉತ್ತರ ಕೊಡುತ್ತೇನೆ.