ಅಕ್ಕಿಗೆ ಅಕ್ಕಿ ಬೇರೆ

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಮೊದಲ ಕತ್ತರಿ ಬೀಳುವುದು ಅನ್ನಕ್ಕೆ. ಚಿಕ್ಕಂದಿನಿಂದ ಅನ್ನ ಉಂಡು ಬೆಳೆದ ಹಿರಿಯರಿಗೆ ಇದು ಸಣ್ಣ ಶಿಕ್ಷೆಯಲ್ಲ. ಅನ್ನದಿಂದ ರಕ್ತದಲ್ಲಿ ಸಕ್ಕರೆ ಏರುವುದು ನಿಜ. ಆದರೆ ಎಷ್ಟು ಬೇಗ ಏರುತ್ತದೆ ಎಂಬುದು ಅಕ್ಕಿಯ ತಳಿಯನ್ನೂ ಅವಲಂಬಿಸಿದೆ.

ಇದನ್ನು ಅಳೆಯುವ ಮಾನಕ್ಕೆ ‘ಗ್ಲೈಸೆಮಿಕ್ ಸೂಚ್ಯಂಕ’ ಎಂದು ಹೆಸರು. ಗ್ಲೂಕೋಸ್‌ಗೆ 100 ಅಂಕ. 55ರವರೆಗೆ ಕಡಿಮೆ, 70 ಮತ್ತು ಅದಕ್ಕೆ ಮೇಲ್ಪಟ್ಟರೆ ಹೆಚ್ಚು. ಅಂತರರಾಷ್ಟ್ರೀಯ ಅಕ್ಕಿ ಸಂಶೋಧನಾ ಸಂಸ್ಥೆ ಹಾಗೂ ಆಸ್ಟ್ರೇಲಿಯದ ವಿಜ್ಞಾನಿಗಳು 235 ತಳಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಂಕ 48ರಿಂದ 92ರವರೆಗೆ ಇತ್ತು. ಸರಾಸರಿ 64. ನಮ್ಮ ದೇಶದಲ್ಲಿ ವ್ಯಾಪಕವಾಗಿ ಬೆಳೆಯುವ ‘ಸ್ವರ್ಣ’ ತಳಿ ಕಡಿಮೆ ಅಂಕದವುಗಳ ಸಾಲಿನಲ್ಲಿತ್ತು.

ಇಷ್ಟು ಅಂತರವೇಕೆ? ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಕವಲೊಡೆದ ಅಮೈಲೋಪೆಕ್ಟಿನ್ ಬೇಗ ಜೀರ್ಣವಾಗುತ್ತದೆ. ನೀಳವಾದ ಅಮೈಲೋಸ್ ನಿಧಾನವಾಗಿ ಕರಗುತ್ತದೆ. ಅಮೈಲೋಸ್ ತಯಾರಿಸುವ ಕಿಣ್ವಕ್ಕೆ ಅಪ್ಪಣೆ ಕೊಡುವುದು ಭತ್ತದ 6ನೇ ವರ್ಣತಂತುವಿನಲ್ಲಿರುವ ‘ವ್ಯಾಕ್ಸಿ’ ಎಂಬ ವಂಶವಾಹಿ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಅಮೈಲೋಸ್ ಇಳಿಯಬಹುದು. ಲಾವೋಸ್ ಜನರ ನಿತ್ಯದ ಊಟವಾದ ಅಂಟಕ್ಕಿಯಲ್ಲಿ ಈ ವಂಶವಾಹಿ ಕೆಟ್ಟಿರುವುದರಿಂದ ಅಮೈಲೋಸ್ ಇಲ್ಲವೇ ಇಲ್ಲ ಎನ್ನಬಹುದು.

ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರಾಗುತ್ತದೆ, ಆರಿದಾಗ ಗಟ್ಟಿಯಾಗುತ್ತದೆ. ಆದರೆ ಇದನ್ನೇ ಪೂರ್ತಿ ನಂಬುವಂತಿಲ್ಲ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಅದೇ ಅಕ್ಕಿ ಹಳತಾದರೆ ಉದುರಾಗುತ್ತದೆ. ಬಣ್ಣವೂ ಗುರುತಲ್ಲ. ಕೆಂಪಕ್ಕಿಯ ಕೆಂಪು ಇರುವುದು ತೌಡಿನ ಪದರದಲ್ಲಿ. ಪಾಲಿಶ್ ಮಾಡದಿದ್ದರೆ ನಾರು ಮತ್ತು ಬಿ ಜೀವಸತ್ವಗಳು ಉಳಿಯುತ್ತವೆ ನಿಜ. ಆದರೆ ಒಳಗಿನ ಪಿಷ್ಟ ಎಂಥದೆಂದು ಬಣ್ಣ ಹೇಳದು.

ಆದ್ದರಿಂದ ಅಂಗಡಿಯಲ್ಲಿ ‘ಸಣ್ಣಕ್ಕಿಯೋ ದಪ್ಪಕ್ಕಿಯೋ’ ಎಂದಷ್ಟೇ ಕೇಳದೆ ತಳಿಯ ಹೆಸರನ್ನೂ ಕೇಳಿ. ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಉಪಕರಣವಿದ್ದರೆ, ಬೇರೆ ಬೇರೆ ಅಕ್ಕಿಯ ಅನ್ನವನ್ನು ಅದೇ ಅಳತೆಯಲ್ಲಿ, ಅದೇ ಸಾರು ಪಲ್ಯದೊಂದಿಗೆ ಉಂಡು, ಊಟ ಆರಂಭಿಸಿದ ಎರಡು ಗಂಟೆಯ ನಂತರ ಪರೀಕ್ಷಿಸಿ ಬರೆದಿಡಿ. ಒಂದೇ ದಿನದ ಅಂಕ ನೋಡಿ ತೀರ್ಮಾನ ಬೇಡ.

ಆದರೆ ಒಂದು ಎಚ್ಚರಿಕೆ: ಯಾವ ಅಕ್ಕಿಯೂ ಔಷಧವಲ್ಲ. ಒಳ್ಳೆಯ ತಳಿಯೆಂದು ಎರಡು ಪಾಲು ಬಡಿಸಿಕೊಂಡರೆ ಲಾಭವೆಲ್ಲ ಹೋಯಿತು. ಅನ್ನ ಕಡಿಮೆ, ಕಾಳು ತರಕಾರಿ ಹೆಚ್ಚು ಎಂಬ ಕ್ರಮವನ್ನು ಬಿಡಬೇಡಿ. ವೈದ್ಯರನ್ನು ಕೇಳದೆ ಮಾತ್ರೆ ಕಡಿಮೆ ಮಾಡಲೂ ಬೇಡಿ.