ಆರೇ ತಿಂಗಳಲ್ಲಿ ಭಾರಿ ಬೆಲೆ ಇಳಿಕೆ: ಗೇಮರ್‌ಗಳನ್ನು ನಿಂಟೆಂಡೊ ಮರಳಿ ಗಳಿಸಿದ್ದು ಹೇಗೆ?

ಮಾರಾಟ ಕುಸಿದರೆ ಗೇಮಿಂಗ್ ಕನ್ಸೋಲ್ ಕಂಪನಿ ಬೆಲೆ ಇಳಿಸಬಹುದು. ಆದರೆ ಮೊದಲೇ ಪೂರ್ತಿ ಹಣ ಕೊಟ್ಟು ಕೊಂಡವರ ಕಥೆ ಏನು? 2011ರಲ್ಲಿ ಜಪಾನ್‌ನ ನಿಂಟೆಂಡೊ ಇದೇ ಇಕ್ಕಟ್ಟಿಗೆ ಸಿಲುಕಿತ್ತು.

ಆ ವರ್ಷದ ಫೆಬ್ರವರಿಯಲ್ಲಿ ಜಪಾನ್‌ನಲ್ಲಿ 25,000 ಯೆನ್‌ಗೆ ಬಿಡುಗಡೆಯಾದ, ಕೈಯಲ್ಲಿ ಹಿಡಿದು ಆಡುವ '3ಡಿಎಸ್' ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಬೆಲೆ ದುಬಾರಿ, ಒಳ್ಳೆಯ ಗೇಮ್‌ಗಳೂ ಕಡಿಮೆ. ಆಗಸ್ಟ್‌ನಲ್ಲಿ ಬೆಲೆಯನ್ನು 15,000 ಯೆನ್‌ಗೆ ಇಳಿಸಲಾಯಿತು. ಅದಕ್ಕೂ ಮುನ್ನ ಖರೀದಿಸಿದ್ದವರಿಗೆ 20 ಹಳೆಯ ಗೇಮ್‌ಗಳನ್ನು ಉಚಿತವಾಗಿ ನೀಡಲಾಯಿತು. ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು.

ವರ್ಷಾಂತ್ಯಕ್ಕೆ 'ಸೂಪರ್ ಮಾರಿಯೊ 3ಡಿ ಲ್ಯಾಂಡ್', 'ಮಾರಿಯೊ ಕಾರ್ಟ್ 7' ಬಂದವು. ಮಾರಾಟ ಚೇತರಿಸಿಕೊಂಡಿತು. ಒಟ್ಟಾರೆ 7.5 ಕೋಟಿಗೂ ಹೆಚ್ಚು 3ಡಿಎಸ್‌ಗಳು ಮಾರಾಟವಾದವು.

ಅಂದರೆ ಬೆಲೆ ಇಳಿಕೆಯೊಂದೇ ಸಾಲದು. ಆಡಲು ಹೊಸ ಗೇಮ್ ಬೇಕು, ಹಳೆಯ ಗ್ರಾಹಕರ ನಂಬಿಕೆಯನ್ನೂ ಉಳಿಸಿಕೊಳ್ಳಬೇಕು.